ಪ್ರೈಮರಿಯ ನಂತರ ಕಣ ಬಿಡುವುದು ಹೇಗೆ: ಅಮೆರಿಕದ ಗಡುವುಗಳಿಗೊಂದು ಸಮಗ್ರ ಮಾರ್ಗದರ್ಶಿ

2025ರ ಸೆಪ್ಟೆಂಬರ್ 28ರಂದು ನ್ಯೂಯಾರ್ಕ್ ನಗರದ ಮೇಯರ್ ಎರಿಕ್ ಆಡಮ್ಸ್ ತಾವು ಮರುಆಯ್ಕೆಯ ಸ್ಪರ್ಧೆಯಿಂದ ಹಿಂದೆ ಸರಿದಿರುವುದಾಗಿ ವಿಡಿಯೊ ಸಂದೇಶದಲ್ಲಿ ಘೋಷಿಸಿದರು. ನವೆಂಬರ್ 4ರಂದು ಮತಗಟ್ಟೆಗೆ ಹೋದವರ ಕೈಗೆ ಬಂದ ಮತಪತ್ರದಲ್ಲಿ ಮಾತ್ರ ಅವರ ಹೆಸರು ಹಾಗೆಯೇ ಇತ್ತು. ಹೆಸರು ತೆಗೆಸುವ ಗಡುವು ಎಂದೋ ಮುಗಿದುಹೋಗಿತ್ತು. ಕಣದಲ್ಲಿಲ್ಲದ ಆ ಅಭ್ಯರ್ಥಿಗೆ ಕೆಲವು ಸಾವಿರ ಮತಗಳೂ ಬಿದ್ದವು.

ಕಣ ಬಿಡುವುದು ಭಾಷಣದಿಂದ ಆಗುವ ಕೆಲಸವಲ್ಲ. ಸಹಿ ಹಾಕಿ ದೃಢೀಕರಿಸಿದ ಒಂದು ಹಾಳೆ, ಕಾನೂನು ಕೇಳುವ ಮಾತುಗಳೊಂದಿಗೆ, ಅದನ್ನು ಸ್ವೀಕರಿಸಬೇಕಾದ ಕಚೇರಿಗೆ, ಗೊತ್ತುಪಡಿಸಿದ ಗಂಟೆಯೊಳಗೆ ತಲುಪಬೇಕು. ಇವುಗಳಲ್ಲಿ ಒಂದು ತಪ್ಪಿದರೂ ಮತಪತ್ರದಲ್ಲಿ ಹೆಸರು ಉಳಿಯುತ್ತದೆ, ಪಕ್ಷಕ್ಕೆ ಬದಲಿ ಅಭ್ಯರ್ಥಿಯನ್ನು ನಿಲ್ಲಿಸುವ ದಾರಿ ಮುಚ್ಚುತ್ತದೆ, ಮತದಾರರ ಮತ ವ್ಯರ್ಥವಾಗುತ್ತದೆ.

ಚಿಕ್ಕೋಡಿಯಲ್ಲಿ ಹುಟ್ಟಿ ಬೆಳಗಾವಿಯಲ್ಲಿ ಬೆಳೆದ ಶ್ರೀ ಥಾಣೇದಾರ್ 2022ರಲ್ಲಿ ಮಿಷಿಗನ್‌ನಿಂದ ಅಮೆರಿಕದ ಜನಪ್ರತಿನಿಧಿ ಸಭೆಗೆ ಆಯ್ಕೆಯಾದರು. ಅಲ್ಲಿನ ಸ್ಥಳೀಯ ಆಡಳಿತಗಳಿಗೆ ಸ್ಪರ್ಧಿಸುವ, ಸ್ಪರ್ಧಿಸುವವರ ಪರ ಓಡಾಡುವ ಕನ್ನಡಿಗರೂ ಇದ್ದಾರೆ. ಅವರೆಲ್ಲರೂ ಗೆಲ್ಲುವುದು ಹೇಗೆಂದು ಕೇಳುತ್ತಾರೆ, ಅದು ಸಹಜ. ಆದರೆ ಆರೋಗ್ಯ ಕೈಕೊಡಬಹುದು, ಉದ್ಯೋಗ ಬೇರೆ ರಾಜ್ಯಕ್ಕೆ ಎಳೆಯಬಹುದು, ಒಂದೇ ಬಗೆಯ ಮತಗಳನ್ನು ಇಬ್ಬರು ಹಂಚಿಕೊಂಡು ಮೂರನೆಯವರು ಗೆಲ್ಲುವ ಪರಿಸ್ಥಿತಿ ಬರಬಹುದು. ಆಗ ಹಿಂದೆ ಸರಿಯುವುದೂ ಜವಾಬ್ದಾರಿಯ ರಾಜಕಾರಣವೇ, ಅದನ್ನು ಸರಿಯಾಗಿ ಮಾಡಬೇಕು. ಪಕ್ಷದ ಹೆಸರಿನಲ್ಲಿ ಸ್ಪರ್ಧಿಸುವ ಸ್ಥಾನಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆದಿದ್ದೇನೆ. ಪಕ್ಷರಹಿತವಾಗಿ ನಡೆಯುವ ಶಾಲಾ ಮಂಡಳಿ ಚುನಾವಣೆಗಳ ನಿಯಮಗಳು ಬೇರೆ.

ಹೆಜ್ಜೆ 1: ನಿಮ್ಮ ಉಮೇದುವಾರಿಕೆ ಬಂದದ್ದು ಎಲ್ಲಿಂದ?

ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ ಇದು. ಹೆಚ್ಚಿನವರು ಇದನ್ನು ಬಿಟ್ಟು ನೇರವಾಗಿ ದಿನಾಂಕ ಹುಡುಕಲು ಹೊರಡುತ್ತಾರೆ.

ನಮ್ಮ ಕಡೆ ಪಕ್ಷದ ಟಿಕೆಟ್ ಎಂದರೆ ಬಿ ಫಾರಂ. ವರಿಷ್ಠರು ಕೊಡುತ್ತಾರೆ. ನಾಮಪತ್ರ ಪರಿಶೀಲನೆಯ ನಂತರ ವಾಪಸು ಪಡೆಯಲು ಒಂದು ಕೊನೆಯ ದಿನವಿರುತ್ತದೆ. ಅಂದು ಮಧ್ಯಾಹ್ನ ಮೂರು ಗಂಟೆಯೊಳಗೆ ಚುನಾವಣಾಧಿಕಾರಿಗೆ ನಮೂನೆ 5ರಲ್ಲಿ ಬರೆದುಕೊಟ್ಟರೆ ಆಯಿತು, ಅದನ್ನು ಮತ್ತೆ ರದ್ದುಮಾಡುವಂತಿಲ್ಲ. ಆ ದಿನದ ಬಿಸಿ ಕರ್ನಾಟಕದವರಿಗೆ ಚೆನ್ನಾಗಿ ಗೊತ್ತು. 2024ರ ಏಪ್ರಿಲ್ 22ರಂದು ಶಿವಮೊಗ್ಗದಲ್ಲಿ ಬಂಡಾಯವೆದ್ದು ನಿಂತ ಕೆ.ಎಸ್. ಈಶ್ವರಪ್ಪ ನಾಮಪತ್ರ ಹಿಂಪಡೆಯಲಿಲ್ಲ, ಅಂದೇ ಬಿಜೆಪಿ ಅವರನ್ನು ಆರು ವರ್ಷಗಳ ಕಾಲ ಉಚ್ಚಾಟಿಸಿತು. ಇಲ್ಲಿ ಗಮನಿಸಬೇಕಾದದ್ದು ಒಂದು ಸಂಗತಿ: ವಾಪಸು ಪಡೆಯುವ ಹೊತ್ತಿಗೆ ಒಬ್ಬ ಮತದಾರನೂ ಇನ್ನೂ ಮತ ಹಾಕಿರುವುದಿಲ್ಲ.

ಅಮೆರಿಕದ ಪ್ರೈಮರಿಯಲ್ಲಿ ಹಾಗಲ್ಲ. ಪಕ್ಷದ ಅಭ್ಯರ್ಥಿ ಯಾರಾಗಬೇಕೆಂದು ಮತದಾರರೇ ಮತಗಟ್ಟೆಗೆ ಬಂದು ತೀರ್ಮಾನಿಸುತ್ತಾರೆ, ಚುನಾವಣಾ ಕಚೇರಿ ಆ ಮತಗಳನ್ನು ಎಣಿಸಿ ಪ್ರಮಾಣೀಕರಿಸುತ್ತದೆ. ಹೀಗೆ ಬಂದ ಉಮೇದುವಾರಿಕೆ ಅಭ್ಯರ್ಥಿಯ ಸ್ವಂತ ಸೊತ್ತಲ್ಲ, ಪಕ್ಷದ ನಾಯಕರ ಸೊತ್ತೂ ಅಲ್ಲ ಎಂಬ ನಿಲುವು ಹಲವು ರಾಜ್ಯಗಳ ಕಾನೂನಿನಲ್ಲಿ ಆಳವಾಗಿ ಬೇರೂರಿದೆ. ಪ್ರೈಮರಿ ಗೆದ್ದವರಿಗೆ ಹೊರಬರುವ ಬಾಗಿಲು ಕಿರಿದಾಗಿರುವುದಕ್ಕೆ ಅದೇ ಕಾರಣ.

ಆದ್ದರಿಂದ ನಿಮ್ಮನ್ನು ನೀವೇ ಕೇಳಿಕೊಳ್ಳಿ. ಮತದಾರರ ಸಹಿ ಸಂಗ್ರಹಿಸಿ ಅರ್ಜಿ ಸಲ್ಲಿಸಿದ್ದೀರಿ, ಪ್ರೈಮರಿ ಇನ್ನೂ ನಡೆದಿಲ್ಲವೇ? ಪ್ರೈಮರಿಯಲ್ಲಿ ಗೆದ್ದಿದ್ದೀರಾ? ಪ್ರೈಮರಿಯೇ ಇಲ್ಲದೆ ಪಕ್ಷದ ಸಮಿತಿ ಅಥವಾ ಸಮಾವೇಶ ನಿಮ್ಮನ್ನು ಆರಿಸಿತೇ? ಪಕ್ಷದ ಹೊರಗೆ ಸ್ವತಂತ್ರ ಅರ್ಜಿಯ ಮೂಲಕ ಬಂದಿರಾ? ಅಥವಾ ಎರಡು ಪಕ್ಷಗಳು ನಿಮ್ಮೊಬ್ಬರನ್ನೇ ಅಭ್ಯರ್ಥಿಯನ್ನಾಗಿ ಮಾಡಿವೆಯೇ? ಈ ಐದಕ್ಕೂ ಒಂದೇ ರಾಜ್ಯದಲ್ಲಿ ಐದು ಬೇರೆ ಬೇರೆ ಗಡುವುಗಳಿರಬಹುದು.

ನ್ಯೂಯಾರ್ಕ್ ಇದಕ್ಕೆ ಅತ್ಯಂತ ಒಳ್ಳೆಯ ಉದಾಹರಣೆ. ಅಲ್ಲಿ ಒಬ್ಬ ಅಭ್ಯರ್ಥಿ ಮತಪತ್ರದಲ್ಲಿ ಡೆಮಾಕ್ರಟಿಕ್ ಪಕ್ಷದ ಸಾಲಿನಲ್ಲೂ ವರ್ಕಿಂಗ್ ಫ್ಯಾಮಿಲೀಸ್ ಪಕ್ಷದ ಸಾಲಿನಲ್ಲೂ ಒಟ್ಟಿಗೆ ನಿಲ್ಲಬಹುದು, ಎರಡು ಸಾಲಿನ ಮತಗಳೂ ಕೂಡುತ್ತವೆ. ತಾನು ಸದಸ್ಯನಲ್ಲದ ಪಕ್ಷದ ಸಾಲಿನಲ್ಲಿ ನಿಲ್ಲಲು ಆ ಪಕ್ಷದ ಅನುಮತಿ ಬೇಕು. ಇದು 1947ರ ವಿಲ್ಸನ್-ಪಕುಲಾ ಕಾನೂನು. ಇಂಥ ಕಡೆ ಒಂದು ಪಕ್ಷದ ಪ್ರೈಮರಿಯಲ್ಲಿ ಸೋತವರು ಇನ್ನೊಂದು ಪಕ್ಷದ ಸಾಲಿನಲ್ಲಿ ಉಳಿದುಬಿಡುವ ಸಾಧ್ಯತೆ ಸದಾ ಇರುತ್ತದೆ.

ನ್ಯೂಯಾರ್ಕ್ ಚುನಾವಣಾ ಕಾನೂನಿನ ಕಲಂ 6-146ರ ಪ್ರಕಾರ, ಪ್ರೈಮರಿಯಲ್ಲದ ದಾರಿಯಿಂದ ಬಂದ ನಾಮನಿರ್ದೇಶನವನ್ನು ನಿರಾಕರಿಸಬಹುದು. ಪ್ರೈಮರಿಯಲ್ಲಿ ಗೆದ್ದು ಪಡೆದದ್ದನ್ನು ಮನಸ್ಸು ಬದಲಾಯಿತೆಂದು ಬಿಡುವಂತಿಲ್ಲ. ಆದರೂ ಕೆಲವು ಬಾಗಿಲುಗಳಿವೆ. ಒಂದು, ಅದೇ ಅಭ್ಯರ್ಥಿಯನ್ನು ಬೇರೊಂದು ಹುದ್ದೆಗೆ ನಾಮನಿರ್ದೇಶನ ಮಾಡಿದರೆ, ಆ ಪತ್ರ ಸಲ್ಲಿಕೆಯಾದ ಮೂರು ದಿನಗಳೊಳಗೆ ಮೊದಲಿನದನ್ನು ಬಿಡಬಹುದು. ಎರಡು, ಎರಡು ಅಥವಾ ಹೆಚ್ಚು ಪಕ್ಷಗಳ ಸಾಲಿಗೆ ಅರ್ಜಿ ಹಾಕಿ ಒಂದರ ಪ್ರೈಮರಿಯಲ್ಲಿ ಸೋತವರು, ಪ್ರೈಮರಿಯಾದ ಹತ್ತು ದಿನಗಳೊಳಗೆ ಉಳಿದ ಪಕ್ಷದ ಸಾಲನ್ನು ಬಿಡಬಹುದು. ಮೂರು, ಸ್ವತಂತ್ರ ಸಾಲನ್ನು ಮೊದಲೇ ಒಪ್ಪಿಕೊಂಡು, ಪಕ್ಷದ ಪ್ರೈಮರಿಯಲ್ಲಿ ಸೋತವರಿಗೆ ಪ್ರೈಮರಿಯ ನಂತರ ಮೂರೇ ದಿನ.

ಮೂರನೆಯ ಬಾಗಿಲು ಎಷ್ಟು ಬೇಗ ಮುಚ್ಚುತ್ತದೆ ಎನ್ನುವುದನ್ನು 2025ರಲ್ಲಿ ಇಡೀ ನಗರವೇ ನೋಡಿತು. ಜೂನ್ 24ರಂದು ನ್ಯೂಯಾರ್ಕ್ ನಗರದ ಮೇಯರ್ ಹುದ್ದೆಯ ಡೆಮಾಕ್ರಟಿಕ್ ಪ್ರೈಮರಿಯಲ್ಲಿ ಮಾಜಿ ಗವರ್ನರ್ ಆಂಡ್ರ್ಯೂ ಕೊಮೊ ಅವರು ಜೊಹ್ರಾನ್ ಮಮ್ದಾನಿ ಎದುರು ಹಿನ್ನಡೆ ಕಂಡರು. ಕೊಮೊ ಬಳಿ ಸ್ವತಂತ್ರ ಸಾಲೊಂದಿತ್ತು, ಅದನ್ನು ಬಿಡುವುದಾದರೆ ಜೂನ್ 27ರ ಶುಕ್ರವಾರವೇ ಕೊನೆ. ಮಂಗಳವಾರ ರಾತ್ರಿಯ ಸೋಲಿನಿಂದ ಶುಕ್ರವಾರದೊಳಗೆ ಅಷ್ಟು ದೊಡ್ಡ ನಿರ್ಧಾರ! ಅವರು ಸಾಲನ್ನು ಬಿಡಲಿಲ್ಲ, ನವೆಂಬರ್‌ನಲ್ಲಿ ಮತ್ತೆ ಮಮ್ದಾನಿ ಎದುರು ಸೋತರು.

ಹೆಜ್ಜೆ 2: ನಿಮ್ಮ ರಾಜ್ಯ ಹೊರಬರಲು ಬಿಡುತ್ತದೆಯೇ?

ಅಮೆರಿಕದಲ್ಲಿ ಇದಕ್ಕೆ ದೇಶಕ್ಕೆಲ್ಲ ಒಂದೇ ಕಾನೂನಿಲ್ಲ. ಕಾಂಗ್ರೆಸ್ ಸ್ಥಾನಕ್ಕೆ ನಿಂತರೂ ಹಿಂದೆ ಸರಿಯುವ ನಿಯಮ ರಾಜ್ಯದ್ದೇ.

ವಿಸ್ಕಾನ್ಸಿನ್‌ನಲ್ಲಿ ನಾಮಪತ್ರ ಸಲ್ಲಿಸಿ ಅರ್ಹತೆ ಪಡೆದವರು ಉಮೇದುವಾರಿಕೆಯನ್ನು ನಿರಾಕರಿಸುವಂತೆಯೇ ಇಲ್ಲ, ಸಾವೊಂದೇ ಹೆಸರನ್ನು ತೆಗೆಸುತ್ತದೆ. 2024ರಲ್ಲಿ ರಾಬರ್ಟ್ ಎಫ್. ಕೆನಡಿ ಜೂನಿಯರ್ ಅಧ್ಯಕ್ಷ ಸ್ಥಾನದ ಪ್ರಚಾರ ನಿಲ್ಲಿಸಿದ ಮೇಲೆ ಅಲ್ಲಿ ಹೆಸರು ತೆಗೆಸಲು ನ್ಯಾಯಾಲಯಕ್ಕೆ ಹೋದರು, ಕನಿಷ್ಠ ಪಕ್ಷ ತಮ್ಮ ಹೆಸರಿನ ಮೇಲೆ ಚೀಟಿ ಅಂಟಿಸಿ ಎಂದೂ ಕೇಳಿದರು. ರಾಜ್ಯದ ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ಕ್ಯಾಲಿಫೋರ್ನಿಯಾದಲ್ಲೂ ಪ್ರೈಮರಿಯಲ್ಲಿ ಆಯ್ಕೆಯಾದವರು ಸಾರ್ವತ್ರಿಕ ಚುನಾವಣೆಯಿಂದ ಹಿಂದೆ ಸರಿಯುವಂತಿಲ್ಲ ಎಂಬುದೇ ಮೂಲ ನಿಯಮ, ವಿನಾಯಿತಿಗಳು ತೀರಾ ಕಡಿಮೆ. ಸಿಲಿಕಾನ್ ಕಣಿವೆಯ ಕನ್ನಡಿಗರು ಅರ್ಜಿಗೆ ಸಹಿ ಹಾಕುವ ಮೊದಲೇ ಇದನ್ನು ತಿಳಿದಿರಬೇಕು. ಟೆಕ್ಸಾಸ್‌ನಲ್ಲಿ ಹಿಂದೆ ಸರಿಯಬಹುದು, ಆದರೆ ಚುನಾವಣೆಗೆ 74 ದಿನ ಮುಂಚಿನ ಸಂಜೆ ಐದು ಗಂಟೆಯೊಳಗೆ.

ನಿಮ್ಮ ರಾಜ್ಯದ ನಿಯಮವನ್ನು ಹುಡುಕುವ ದಾರಿ ಹೀಗಿದೆ. ರಾಜ್ಯದ ಚುನಾವಣಾ ಮಂಡಳಿ ಅಥವಾ ಸೆಕ್ರೆಟರಿ ಆಫ್ ಸ್ಟೇಟ್ (ರಾಜ್ಯದಲ್ಲಿ ಚುನಾವಣೆ ನೋಡಿಕೊಳ್ಳುವ ಅಧಿಕಾರಿ) ಕಚೇರಿ ಪ್ರತಿ ವರ್ಷ ಚುನಾವಣಾ ದಿನಸೂಚಿಯನ್ನು ಪ್ರಕಟಿಸುತ್ತದೆ. ನ್ಯೂಯಾರ್ಕ್‌ನವರು ಅದನ್ನು ಪೊಲಿಟಿಕಲ್ ಕ್ಯಾಲೆಂಡರ್ ಎನ್ನುತ್ತಾರೆ. ಅದರಲ್ಲಿ ಡಿಕ್ಲಿನೇಷನ್ (ನಿರಾಕರಣೆ), ವಿತ್‌ಡ್ರಾವಲ್ (ಹಿಂದೆ ಸರಿಯುವುದು), ವೇಕೆನ್ಸಿ (ತೆರವು), ಸಬ್‌ಸ್ಟಿಟ್ಯೂಷನ್ (ಬದಲಿ) ಈ ನಾಲ್ಕು ಪದಗಳನ್ನೂ ಒಂದೊಂದಾಗಿ ಹುಡುಕಿ, ಏಕೆಂದರೆ ಒಂದೊಂದು ರಾಜ್ಯ ಒಂದೊಂದು ಪದ ಬಳಸುತ್ತದೆ. ದಿನಾಂಕದ ಪಕ್ಕದಲ್ಲಿ ಕಲಂ ಸಂಖ್ಯೆ ಇದ್ದೇ ಇರುತ್ತದೆ. ಅಲ್ಲಿಗೇ ನಿಲ್ಲಬೇಡಿ, ಆ ಕಲಂ ತೆರೆದು ಪೂರ್ತಿ ಓದಿ. ದಿನಸೂಚಿ ಯಾವಾಗ ಎಂಬುದನ್ನಷ್ಟೇ ಹೇಳುತ್ತದೆ. ಯಾರು ಸಲ್ಲಿಸಬಹುದು, ಯಾವ ಕಾರಣಕ್ಕೆ ಸಲ್ಲಿಸಬಹುದು ಎಂಬುದು ಕಲಮಿನೊಳಗಿರುತ್ತದೆ. ಕಳೆದ ಬಾರಿಯ ದಿನಸೂಚಿಯನ್ನು ನೆಚ್ಚಿಕೊಳ್ಳಬೇಡಿ. ಪ್ರೈಮರಿಯ ತಿಂಗಳೇ ಬದಲಾಗುವುದುಂಟು: ನ್ಯೂಯಾರ್ಕ್‌ನಲ್ಲಿ 2018ರಲ್ಲಿ ರಾಜ್ಯ ಹುದ್ದೆಗಳ ಪ್ರೈಮರಿ ಸೆಪ್ಟೆಂಬರ್‌ನಲ್ಲಿತ್ತು, ಈಗ ಎಲ್ಲವೂ ಜೂನ್‌ನ ನಾಲ್ಕನೇ ಮಂಗಳವಾರಕ್ಕೆ ಬಂದಿದೆ.

ಹೆಜ್ಜೆ 3: ದಿನ ಎಣಿಸುವುದು

ಗಡುವುಗಳನ್ನು ಎರಡು ದಿಕ್ಕಿನಿಂದ ಎಣಿಸುತ್ತಾರೆ. ಕೆಲವನ್ನು ಪ್ರೈಮರಿಯಿಂದ ಮುಂದಕ್ಕೆ, ಕೆಲವನ್ನು ನವೆಂಬರ್ ಚುನಾವಣೆಯಿಂದ ಹಿಂದಕ್ಕೆ. ಹಿಂದಕ್ಕೆ ಎಣಿಸುವಲ್ಲಿ ತಪ್ಪಾಗುವುದು ಹೆಚ್ಚು.

ಮಿಸೌರಿಯ 2012ರ ಪ್ರಕರಣವನ್ನೇ ಎಣಿಸಿ ನೋಡೋಣ. ಟಾಡ್ ಏಕಿನ್ ಆಗಸ್ಟ್ 7ರಂದು ರಿಪಬ್ಲಿಕನ್ ಪ್ರೈಮರಿ ಗೆದ್ದು ಸೆನೆಟ್ ಅಭ್ಯರ್ಥಿಯಾದರು. ಆಗಸ್ಟ್ 19ರ ಭಾನುವಾರ ಪ್ರಸಾರವಾದ ಟಿವಿ ಸಂದರ್ಶನದಲ್ಲಿ ಅತ್ಯಾಚಾರದ ಬಗ್ಗೆ ಅವರಾಡಿದ ಮಾತು ದೇಶವಿಡೀ ಆಕ್ರೋಶ ಎಬ್ಬಿಸಿತು. ಸಾರ್ವತ್ರಿಕ ಚುನಾವಣೆಗೆ ಮುಂಚಿನ ಹನ್ನೊಂದನೇ ಮಂಗಳವಾರ ಸಂಜೆ ಐದರವರೆಗೆ ಅಭ್ಯರ್ಥಿ ತಾನಾಗಿಯೇ ಹಿಂದೆ ಸರಿಯಬಹುದೆಂದು ರಾಜ್ಯದ ಕಾನೂನು ಹೇಳುತ್ತಿತ್ತು. ಚುನಾವಣೆ ನವೆಂಬರ್ 6, ಅದೂ ಮಂಗಳವಾರವೇ. ಅದನ್ನು ಲೆಕ್ಕಕ್ಕೆ ಹಿಡಿಯಬಾರದು. ಅಕ್ಟೋಬರ್ 30 ಮೊದಲನೆಯದು, 23 ಎರಡನೆಯದು, 16, 9, 2 ಆದ ಮೇಲೆ ಸೆಪ್ಟೆಂಬರ್ 25 ಆರನೆಯದು, ನಂತರ 18, 11, 4, ಆಗಸ್ಟ್ 28 ಹತ್ತನೆಯದು, ಆಗಸ್ಟ್ 21 ಹನ್ನೊಂದನೆಯದು. ಚುನಾವಣೆಯ ದಿನವನ್ನೇ ಒಂದು ಎಂದು ಎಣಿಸಿದವರಿಗೆ ಆಗಸ್ಟ್ 28 ಸಿಗುತ್ತದೆ, ಅಂದರೆ ಒಂದು ವಾರ ತಡ.

ಸಂದರ್ಶನ ಪ್ರಸಾರವಾದದ್ದು ಭಾನುವಾರ, ಗಡುವು ಮಂಗಳವಾರ. ಮಿಟ್ ರಾಮ್ನಿ ಸೇರಿದಂತೆ ಪಕ್ಷದ ದೊಡ್ಡ ನಾಯಕರೆಲ್ಲ ಕಣ ಬಿಡಿ ಎಂದರು, ಏಕಿನ್ ಬಿಡಲಿಲ್ಲ. ಸೆಪ್ಟೆಂಬರ್ 25ರವರೆಗೆ ನ್ಯಾಯಾಲಯದ ಆದೇಶ ಪಡೆದು ಹೊರಬರುವ ಎರಡನೇ ಅವಕಾಶವೂ ಇತ್ತು. ಅದನ್ನೂ ಬಳಸದೆ ಕ್ಲೇರ್ ಮೆಕ್ಯಾಸ್ಕಿಲ್ ಎದುರು ಸೋತರು. ಎರಡು ಹಂತದ ಗಡುವು ಹೇಗಿರುತ್ತದೆಂದು ತಿಳಿಯಲು ಇದಕ್ಕಿಂತ ಸ್ಪಷ್ಟವಾದ ಪ್ರಕರಣ ನನಗೆ ಕಂಡಿಲ್ಲ: ಮೊದಲನೆಯದರವರೆಗೆ ನಿಮ್ಮ ಸಹಿ ಸಾಕು, ಅಲ್ಲಿಂದ ಎರಡನೆಯದರವರೆಗೆ ನ್ಯಾಯಾಧೀಶರ ಆದೇಶವೂ ಬೇಕು.

ರಜಾದಿನಗಳನ್ನೂ ನೋಡಿಕೊಳ್ಳಿ. 2026ರಲ್ಲಿ ನ್ಯೂಯಾರ್ಕ್ ಪ್ರೈಮರಿ ಜೂನ್ 23ಕ್ಕೆ. ಮೂರನೇ ದಿನ ಜೂನ್ 26, ಹತ್ತನೇ ದಿನ ಜುಲೈ 3ರ ಶುಕ್ರವಾರ. ಆ ವರ್ಷ ಸ್ವಾತಂತ್ರ್ಯ ದಿನ ಶನಿವಾರ ಬರುವುದರಿಂದ ಕೇಂದ್ರ ಸರ್ಕಾರದ ಕಚೇರಿಗಳಿಗೆ ಶುಕ್ರವಾರವೇ ರಜೆ. ಕೊನೆಯ ದಿನ ಶನಿವಾರ, ಭಾನುವಾರ ಅಥವಾ ಸಾರ್ವಜನಿಕ ರಜೆಯಾದರೆ ಮುಂದಿನ ಕೆಲಸದ ದಿನಕ್ಕೆ ಹೋಗುತ್ತದೆಂದು ನ್ಯೂಯಾರ್ಕ್ ಕಾನೂನು ಹೇಳುತ್ತದೆ ನಿಜ, ಆದರೆ ಯಾವುದು ರಜೆ ಎಂಬ ತೀರ್ಮಾನವನ್ನು ನೀವು ಮಾಡಬೇಡಿ. ಗುರುವಾರವೇ ಸಲ್ಲಿಸಿ ಮುಗಿಸಿ.

ಗಡುವುಗಳು ಇಷ್ಟು ಮುಂಚೆ ಏಕೆ ಎಂದು ಸಿಟ್ಟಾಗುವವರಿಗೆ ಒಂದು ಮಾತು. 2009ರ ಕೇಂದ್ರ ಕಾನೂನಿನಂತೆ ಸೈನಿಕರಿಗೂ ವಿದೇಶದಲ್ಲಿರುವ ನಾಗರಿಕರಿಗೂ ಕೇಂದ್ರದ ಚುನಾವಣೆಗೆ ಕನಿಷ್ಠ 45 ದಿನ ಮೊದಲು ಮತಪತ್ರ ಕಳುಹಿಸಲೇಬೇಕು. 2026ರ ನವೆಂಬರ್ 3ರ ಚುನಾವಣೆಗೆ ಅದು ಸೆಪ್ಟೆಂಬರ್ 19. ಅದಕ್ಕೂ ಮೊದಲು ಹೆಸರುಗಳು ಖಚಿತವಾಗಿ, ಕರಡು ಪರಿಶೀಲನೆಯಾಗಿ, ಮುದ್ರಣವಾಗಬೇಕು. ಅಮೆರಿಕದ ಪೌರತ್ವ ಪಡೆದು ಈಗ ಬೆಂಗಳೂರಿನಲ್ಲೋ ಮೈಸೂರಿನಲ್ಲೋ ಮನೆ ಮಾಡಿರುವ ಕನ್ನಡಿಗರ ಮತ ಕೂಡ ಈ 45 ದಿನಗಳ ಲೆಕ್ಕದಲ್ಲೇ ಇದೆ.

ಹೆಜ್ಜೆ 4: ನೀವು ಹೋದ ಮೇಲೆ ಆ ಜಾಗಕ್ಕೆ ಯಾರು?

ಪತ್ರ ಬರೆಯುವ ಮುನ್ನ ಇದಕ್ಕೆ ಉತ್ತರ ಕಂಡುಕೊಳ್ಳಿ. ಹಿಂದೆ ಸರಿಯುವ ಹಕ್ಕು ಬೇರೆ, ಬದಲಿಯನ್ನು ನೇಮಿಸುವ ಪಕ್ಷದ ಹಕ್ಕು ಬೇರೆ. ಮೊದಲನೆಯದು ಇದ್ದಲ್ಲೆಲ್ಲ ಎರಡನೆಯದು ಇರುವುದಿಲ್ಲ.

ಟೆಕ್ಸಾಸ್‌ನ ಟಾಮ್ ಡಿಲೇ ಪ್ರಕರಣ ಇದಕ್ಕೆ ಪಾಠ. 2006ರ ಮಾರ್ಚ್‌ನಲ್ಲಿ ಅವರು ಜನಪ್ರತಿನಿಧಿ ಸಭೆಯ ಸ್ಥಾನಕ್ಕೆ ರಿಪಬ್ಲಿಕನ್ ಪ್ರೈಮರಿ ಗೆದ್ದರು, ಏಪ್ರಿಲ್‌ನಲ್ಲಿ ಕಣ ಬಿಡುವುದಾಗಿ ಹೇಳಿದರು. ಸುಮ್ಮನೆ ಹಿಂದೆ ಸರಿದರೆ ಪಕ್ಷಕ್ಕೆ ಬದಲಿ ನಿಲ್ಲಿಸಲು ಅವಕಾಶವಿರಲಿಲ್ಲ. ಅಭ್ಯರ್ಥಿ ಅನರ್ಹನಾದರೆ ಮಾತ್ರ ಆ ದಾರಿಯಿತ್ತು. ಡಿಲೇ ತಮ್ಮ ವಾಸವನ್ನು ವರ್ಜೀನಿಯಾಕ್ಕೆ ಬದಲಿಸಿದ್ದರಿಂದ ಅನರ್ಹರಾದರೆಂದು ಪಕ್ಷ ಘೋಷಿಸಿತು. ಡೆಮಾಕ್ರಟರು ನ್ಯಾಯಾಲಯಕ್ಕೆ ಹೋದರು. ಸಂವಿಧಾನ ಕೇಳುವುದು ಆಯ್ಕೆಯಾಗುವ ದಿನ ಆ ರಾಜ್ಯದ ನಿವಾಸಿಯಾಗಿರಬೇಕೆಂದು, ನವೆಂಬರ್‌ನಲ್ಲಿ ಎಲ್ಲಿರುತ್ತಾರೆಂದು ಬೇಸಿಗೆಯಲ್ಲೇ ತೀರ್ಮಾನಿಸಲಾಗದು ಎಂದು ಜುಲೈನಲ್ಲಿ ನ್ಯಾಯಾಧೀಶ ಸ್ಯಾಮ್ ಸ್ಪಾರ್ಕ್ಸ್ ತೀರ್ಪಿತ್ತರು, ಮೇಲ್ಮನವಿ ನ್ಯಾಯಾಲಯವೂ ಆಗಸ್ಟ್‌ನಲ್ಲಿ ಅದನ್ನು ಎತ್ತಿಹಿಡಿಯಿತು. ಕೊನೆಗೆ ಡಿಲೇ ಹಿಂದೆ ಸರಿದರು, ಪಕ್ಷದ ಸಾಲು ಖಾಲಿ ಉಳಿಯಿತು. ಶೆಲ್ಲಿ ಸೆಕುಲಾ-ಗಿಬ್ಸ್ ಅವರ ಹೆಸರನ್ನು ಮತದಾರರೇ ಬರೆದು ಮತ ಹಾಕಬೇಕಾಯಿತು. ರಿಪಬ್ಲಿಕನ್ನರ ಭದ್ರಕೋಟೆಯಾಗಿದ್ದ ಕ್ಷೇತ್ರವನ್ನು ಡೆಮಾಕ್ರಟ್ ನಿಕ್ ಲ್ಯಾಂಪ್ಸನ್ ಗೆದ್ದರು.

ಇಂದಿಗೂ ಟೆಕ್ಸಾಸ್‌ನಲ್ಲಿ ಪ್ರೈಮರಿ ಗೆದ್ದು ಹಿಂದೆ ಸರಿದವರಿಗೆ ಬದಲಿ ಬೇಕೆಂದರೆ ಕಾರಣ ನಿರ್ದಿಷ್ಟವಾಗಿರಬೇಕು. ಗಂಭೀರ ಕಾಯಿಲೆ, ಎದುರಾಳಿಯೇ ಇಲ್ಲದಿರುವುದು, ಅಭ್ಯರ್ಥಿ ಬೇರೊಂದು ಹುದ್ದೆಗೆ ಹೋಗುವುದು, ಇಂಥವು.

ನ್ಯೂಯಾರ್ಕ್‌ನಲ್ಲಿ ಅರ್ಜಿ ಹಾಕುವಾಗಲೇ ತೆರವಾದ ಸ್ಥಾನ ತುಂಬುವ ಸಮಿತಿಯ ಸದಸ್ಯರ ಹೆಸರುಗಳನ್ನು ಬರೆದಿರುತ್ತೀರಿ. ಸಹಿ ಸಂಗ್ರಹಿಸುವ ಗಡಿಬಿಡಿಯಲ್ಲಿ ಅರ್ಜಿಯ ಆ ಜಾಗದಲ್ಲಿ ಕೈಗೆ ಸಿಕ್ಕ ಗೆಳೆಯರ ಹೆಸರು ತುಂಬಿಸುವವರಿದ್ದಾರೆ. ಹಾಗೆ ಮಾಡಬೇಡಿ. ನೀವು ನಿರಾಕರಿಸಿದ ಮೇಲೆ ಬದಲಿಯನ್ನು ಸೂಚಿಸಲು ಅವರಿಗೆ ಸಿಗುವುದು ಬೆರಳೆಣಿಕೆಯ ದಿನಗಳು. ಊರಿನಲ್ಲಿರುವವರು, ಕರೆದಾಗ ಬಂದು ಸಹಿ ಹಾಕುವವರು ಅಲ್ಲಿರಬೇಕು.

ಹೆಜ್ಜೆ 5: ಪತ್ರ

ಚುನಾವಣಾ ಕಚೇರಿಯದೇ ನಮೂನೆ ಇದ್ದರೆ ಅದನ್ನೇ ಬಳಸಿ. ಇಲ್ಲದಿದ್ದರೆ ಪತ್ರದಲ್ಲಿ ಇಷ್ಟಿರಲಿ: ಮತಪತ್ರದಲ್ಲಿ ಇರುವಂತೆಯೇ ನಿಮ್ಮ ಪೂರ್ಣ ಹೆಸರು, ನೋಂದಾಯಿತ ವಿಳಾಸ, ಹುದ್ದೆ, ಕ್ಷೇತ್ರದ ಸಂಖ್ಯೆ, ಪಕ್ಷ, ಚುನಾವಣೆಯ ದಿನಾಂಕ, ಯಾವ ಕಲಮಿನ ಅಡಿಯಲ್ಲಿ ಹಿಂದೆ ಸರಿಯುತ್ತಿದ್ದೀರಿ ಎಂಬುದು, ಆ ಕಲಂ ಕಾರಣ ಕೇಳಿದರೆ ಅದೇ ಮಾತುಗಳಲ್ಲಿ ಕಾರಣ. ಎರಡು ಪಕ್ಷಗಳ ಸಾಲಿದ್ದರೆ ಯಾವುದನ್ನು ಬಿಡುತ್ತಿದ್ದೀರಿ ಎಂಬುದನ್ನು ಹೆಸರಿಸಿ ಬರೆಯಬೇಕು. ಧನ್ಯವಾದ, ವಿಷಾದ, ಪಕ್ಷದ ಮೇಲಿನ ಪ್ರೀತಿ ಇವೆಲ್ಲ ಪತ್ರಿಕಾ ಹೇಳಿಕೆಗೆ ಇರಲಿ. ಈ ಹಾಳೆಯಲ್ಲಿ ಬೇಡ.

ಕಲಮಿನ ಮಾತುಗಳು ಎಷ್ಟು ಮುಖ್ಯವೆಂದು ಕಾನ್ಸಾಸ್ ತೋರಿಸಿಕೊಟ್ಟಿದೆ. 2014ರ ಸೆಪ್ಟೆಂಬರ್ 3, ಹಿಂದೆ ಸರಿಯಲು ಕೊನೆಯ ದಿನ. ಡೆಮಾಕ್ರಟಿಕ್ ಸೆನೆಟ್ ಅಭ್ಯರ್ಥಿ ಚಾಡ್ ಟೇಲರ್ ಒಂದು ಚಿಕ್ಕ ಪತ್ರ ಸಲ್ಲಿಸಿದರು. ಇಂಥ ಕಲಮಿಗೆ ಅನುಸಾರವಾಗಿ ನನ್ನ ಹೆಸರನ್ನು ಮತಪತ್ರದಿಂದ ತೆಗೆಯಿರಿ ಎನ್ನುವುದಷ್ಟೇ ಅದರ ಸಾರ. ಆ ಕಲಂ ಮಾತ್ರ, ಗೆದ್ದರೆ ಹುದ್ದೆಯ ಕರ್ತವ್ಯ ನಿರ್ವಹಿಸಲು ತಾನು ಅಸಮರ್ಥನೆಂದು ಅಭ್ಯರ್ಥಿ ಘೋಷಿಸಬೇಕು ಎನ್ನುತ್ತಿತ್ತು. ಪತ್ರದಲ್ಲಿ ಆ ಮಾತಿರಲಿಲ್ಲ. ರಾಜ್ಯದ ಸೆಕ್ರೆಟರಿ ಆಫ್ ಸ್ಟೇಟ್, ರಿಪಬ್ಲಿಕನ್ ಕ್ರಿಸ್ ಕೋಬಾಕ್, ಹೆಸರು ತೆಗೆಯುವುದಿಲ್ಲ ಎಂದರು. ಪತ್ರ ಸಾಕೆಂದು ಕಚೇರಿಯ ಸಿಬ್ಬಂದಿಯೇ ಹೇಳಿದ್ದರು ಎಂದು ಟೇಲರ್ ವಾದಿಸಿದರು, ಕಚೇರಿ ಅದನ್ನು ಅಲ್ಲಗಳೆಯಿತು.

ಸೆಪ್ಟೆಂಬರ್ 18ರಂದು ಕಾನ್ಸಾಸ್ ಸುಪ್ರೀಂ ಕೋರ್ಟ್ ಟೇಲರ್ ಪರ ತೀರ್ಪು ಕೊಟ್ಟಿತು. ಕಲಮಿಗೆ ಅನುಸಾರವಾಗಿ ಎಂದು ಬರೆದಿರುವುದರಿಂದ ಕಲಂ ಕೇಳುವ ಘೋಷಣೆಯೂ ಪತ್ರದೊಳಗೆ ಸೇರಿದೆ ಎಂಬುದು ನ್ಯಾಯಾಲಯದ ನಿಲುವು. ವಿದೇಶಕ್ಕೆ ಮತಪತ್ರ ಕಳುಹಿಸಲು ಉಳಿದಿದ್ದದ್ದು ಎರಡೇ ದಿನ. ಕಲಂ ಸಂಖ್ಯೆಯನ್ನು ಬರೆಯದೇ ಇದ್ದಿದ್ದರೆ ಅವರಿಗೆ ಆ ಆಸರೆಯೂ ಇರುತ್ತಿರಲಿಲ್ಲ. ಕಲಮಿನ ಮಾತನ್ನೇ ಎತ್ತಿ ಬರೆದಿದ್ದರೆ ನ್ಯಾಯಾಲಯದ ಮೆಟ್ಟಿಲು ಹತ್ತಬೇಕಾಗಿಯೇ ಇರಲಿಲ್ಲ. ಕೌಂಟರಿನಲ್ಲಿ ಕುಳಿತವರು ಸರಿಯಾಗಿದೆ ಎಂದರೂ ಕಲಮನ್ನು ಮುಂದಿಟ್ಟುಕೊಂಡು ಪದ ಪದ ಹೋಲಿಸಿ ನೋಡಿ.

ಸಹಿಯನ್ನು ನೋಟರಿ ಎದುರಿಗೇ ಹಾಕಬೇಕು. ನ್ಯೂಯಾರ್ಕ್ ದೃಢೀಕೃತ ಸಹಿ ಕೇಳುತ್ತದೆ, ಮಿಸೌರಿ ಪ್ರಮಾಣ ಮಾಡಿದ ಹೇಳಿಕೆ ಕೇಳುತ್ತದೆ. ಮನೆಯಲ್ಲೇ ಸಹಿ ಮಾಡಿ ನಂತರ ನೋಟರಿ ಬಳಿ ಒಯ್ಯುವುದು ಸಲ್ಲದು.

ಕಾಗದಪತ್ರ ಹೊಂದಿಸಲು ಗೆಳೆಯರು ಕೈಜೋಡಿಸುತ್ತಾರೆ, ಅದು ಒಳ್ಳೆಯದೇ. ಆದರೆ ಎಚ್-1ಬಿ ಮುಂತಾದ ವೀಸಾದಲ್ಲಿದ್ದು ಗ್ರೀನ್ ಕಾರ್ಡ್ ಇಲ್ಲದವರು ಸ್ವಯಂಸೇವಕರಾಗಿ ದುಡಿಯಬಹುದೇ ಹೊರತು ಕಣದಲ್ಲಿರಬೇಕೋ ಬಿಡಬೇಕೋ, ಹಣ ಹೇಗೆ ಖರ್ಚು ಮಾಡಬೇಕು ಎಂಬಂಥ ಪ್ರಚಾರದ ನಿರ್ಧಾರಗಳಲ್ಲಿ ಪಾಲ್ಗೊಳ್ಳಬಾರದು. ದೇಣಿಗೆಯನ್ನೂ ಕೊಡುವಂತಿಲ್ಲ. ಅವರ ವೀಸಾಕ್ಕೇ ತೊಂದರೆಯಾಗುವಂಥ ವಿಷಯವಿದು, ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ.

ಹೆಜ್ಜೆ 6: ಸಲ್ಲಿಕೆ

ಯಾವ ಕಚೇರಿ? ಸಾಮಾನ್ಯವಾಗಿ ನಿಮ್ಮ ಮೊದಲ ಅರ್ಜಿ ಎಲ್ಲಿಗೆ ಹೋಗಿತ್ತೋ ಅಲ್ಲಿಗೇ, ಆದರೂ ಕಲಂ ನೋಡಿ ಖಚಿತಪಡಿಸಿಕೊಳ್ಳಿ. ನ್ಯೂಯಾರ್ಕ್‌ನಲ್ಲಿ ಒಂದೇ ಕೌಂಟಿಯೊಳಗಿನ (ನಮ್ಮ ಜಿಲ್ಲೆಯಂಥ ಘಟಕ) ಹುದ್ದೆಗೆ ಕೌಂಟಿಯ ಚುನಾವಣಾ ಮಂಡಳಿ, ನ್ಯೂಯಾರ್ಕ್ ನಗರದೊಳಗಿನದಕ್ಕೆ ನಗರ ಮಂಡಳಿ, ಇಡೀ ರಾಜ್ಯದ ಹುದ್ದೆಗೆ ರಾಜಧಾನಿ ಆಲ್ಬನಿಯ ರಾಜ್ಯ ಮಂಡಳಿ. ಪಕ್ಷದ ಕಚೇರಿಗೆ ಕೊಟ್ಟ ಪತ್ರಕ್ಕೆ ಕಾನೂನಿನ ಕಣ್ಣಿನಲ್ಲಿ ಬೆಲೆಯಿಲ್ಲ.

ಸಮಯ ಬೆಳಿಗ್ಗೆ ಒಂಬತ್ತರಿಂದ ಸಂಜೆ ಐದು. ನಿರಾಕರಣೆಯ ಪತ್ರ ಗಡುವಿನೊಳಗೆ ಬರದಿದ್ದರೆ ಅದು ಸರಿಪಡಿಸಲಾಗದ ಮಾರಕ ದೋಷ ಎಂದು ನ್ಯೂಯಾರ್ಕ್ ಕಾನೂನು ಸ್ಪಷ್ಟ ಶಬ್ದಗಳಲ್ಲಿ ಹೇಳುತ್ತದೆ. ಒಂದು ನಿಮಿಷ ತಡವಾದರೂ ಕನಿಕರ ತೋರಿಸುವ ಅಧಿಕಾರ ಅಲ್ಲಿನ ಗುಮಾಸ್ತರಿಗಿಲ್ಲ. ಅಂಚೆ, ಕೊರಿಯರ್, ಇಮೇಲ್ ಯಾವುದನ್ನೂ ನೆಚ್ಚದೆ ಕೈಯಾರೆ ಒಯ್ದು ಕೊಡಿ. ಮೂರು ಪ್ರತಿ ಮಾಡಿಸಿ. ಮೂಲ ಕಚೇರಿಗೆ, ಇನ್ನೊಂದರ ಮೇಲೆ ದಿನಾಂಕ ಮತ್ತು ಸಮಯದ ಸ್ವೀಕೃತಿ ಮುದ್ರೆ ಹಾಕಿಸಿಕೊಂಡು ನೀವು ಇಟ್ಟುಕೊಳ್ಳಿ, ಮೂರನೆಯದು ಬದಲಿಯನ್ನು ಸೂಚಿಸಬೇಕಾದ ಸಮಿತಿಗೆ. ಎರಡು ದಿನ ಬಿಟ್ಟು ಕಚೇರಿಯ ಅಭ್ಯರ್ಥಿಗಳ ಪಟ್ಟಿಯಲ್ಲಿ ನಿಮ್ಮ ಹೆಸರು ಹೋಗಿದೆಯೇ ಎಂದು ನೋಡಿ.

ಹೆಜ್ಜೆ 7: ಗಡುವು ದಾಟಿಹೋಗಿದ್ದರೆ

ಉಳಿಯುವ ದಾರಿಗಳು ಕಡಿಮೆ, ಒಂದೂ ಸುಲಭದ್ದಲ್ಲ.

ಬೇರೊಂದು ಹುದ್ದೆಗೆ ನಾಮನಿರ್ದೇಶನ ಪಡೆದು ಮೊದಲಿನದನ್ನು ಬಿಡುವುದು ನ್ಯೂಯಾರ್ಕ್‌ನ ಹಳೆಯ ದಾರಿ. 2018ರಲ್ಲಿ ಗವರ್ನರ್ ಹುದ್ದೆಯ ಡೆಮಾಕ್ರಟಿಕ್ ಪ್ರೈಮರಿಯಲ್ಲಿ ಸಿಂಥಿಯಾ ನಿಕ್ಸನ್ ಸೋತರೂ ವರ್ಕಿಂಗ್ ಫ್ಯಾಮಿಲೀಸ್ ಸಾಲಿನಲ್ಲಿ ಅವರ ಹೆಸರಿತ್ತು. ಪಕ್ಷ ಅವರನ್ನು ರಾಜ್ಯ ವಿಧಾನಸಭೆಯ ಒಂದು ಸ್ಥಾನಕ್ಕೆ ನಾಮನಿರ್ದೇಶನ ಮಾಡಿ ಗವರ್ನರ್ ಸಾಲನ್ನು ಖಾಲಿ ಮಾಡಿಸಿತು. ಆ ಸ್ಥಾನಕ್ಕಾಗಿ ಪ್ರಚಾರ ಮಾಡುವುದಿಲ್ಲವೆಂದು ನಿಕ್ಸನ್ ಮೊದಲೇ ಹೇಳಿದ್ದರು. ಅದೇ ವರ್ಷ ಜನಪ್ರತಿನಿಧಿ ಸಭೆಯ ಸ್ಥಾನಕ್ಕೆ ಅಲೆಕ್ಸಾಂಡ್ರಿಯಾ ಒಕಾಸಿಯೊ-ಕಾರ್ಟೆಜ್ ಎದುರು ಡೆಮಾಕ್ರಟಿಕ್ ಪ್ರೈಮರಿ ಸೋತ ಜೋ ಕ್ರೌಲಿ ಮಾತ್ರ ಇಂಥ ದಾರಿಗಳನ್ನು ಒಪ್ಪಲಿಲ್ಲ. ಅವರ ಹೆಸರು ವರ್ಕಿಂಗ್ ಫ್ಯಾಮಿಲೀಸ್ ಸಾಲಿನಲ್ಲಿ ನವೆಂಬರ್‌ವರೆಗೂ ಉಳಿಯಿತು, ಒಂಬತ್ತು ಸಾವಿರಕ್ಕೂ ಹೆಚ್ಚು ಮತ ಬಿತ್ತು. ನನಗೆ ಕ್ರೌಲಿಯ ಹಿಂಜರಿಕೆ ಅರ್ಥವಾಗುತ್ತದೆ. ಗೆಲ್ಲುವ ಇಚ್ಛೆಯೇ ಇಲ್ಲದ ಹುದ್ದೆಗೆ ಹೆಸರು ಕೊಡುವುದು ಆ ಕ್ಷೇತ್ರದ ಮತದಾರರಿಗೆ ಮಾಡುವ ಅಗೌರವ. ಹೆಜ್ಜೆ 1ರಲ್ಲಿ ಹೇಳಿದ ಹತ್ತು ದಿನಗಳ ನೇರ ಬಾಗಿಲು ಇರುವಾಗ ಅದನ್ನು ಬಳಸುವುದೇ ಮರ್ಯಾದೆಯ ದಾರಿ.

ಇನ್ನು ನ್ಯಾಯಾಲಯ. 2002ರಲ್ಲಿ ನ್ಯೂಜೆರ್ಸಿಯ ಸೆನೆಟರ್ ರಾಬರ್ಟ್ ಟೊರಿಸೆಲಿ ಸೆಪ್ಟೆಂಬರ್ 30ರಂದು ಹಿಂದೆ ಸರಿದರು. ಬದಲಿಗೆ ಅವಕಾಶವಿದ್ದದ್ದು ಚುನಾವಣೆಗೆ 51 ದಿನ ಮೊದಲಿನವರೆಗೆ, ಆಗ ಉಳಿದಿದ್ದದ್ದು 36 ದಿನ. ಆದರೂ ಮತದಾರರಿಗೆ ನಿಜವಾದ ಆಯ್ಕೆ ಇರಬೇಕೆಂದು ರಾಜ್ಯದ ಸುಪ್ರೀಂ ಕೋರ್ಟ್ ಎರಡೇ ದಿನದಲ್ಲಿ ಸರ್ವಾನುಮತದಿಂದ ಒಪ್ಪಿತು, ಬದಲಿಯಾಗಿ ಬಂದ ಫ್ರಾಂಕ್ ಲಾಟೆನ್‌ಬರ್ಗ್ ಗೆದ್ದರು. ಇದನ್ನು ಓದಿ ಧೈರ್ಯ ತಂದುಕೊಳ್ಳುವವರು 2024ರ ಸೆಪ್ಟೆಂಬರ್ 9ನ್ನೂ ನೆನಪಿಡಬೇಕು. ಅದೇ ಕೆನಡಿ, ಅದೇ ಬೇಡಿಕೆ: ನಾರ್ತ್ ಕೆರೊಲಿನಾ ಸುಪ್ರೀಂ ಕೋರ್ಟ್ ಹೆಸರು ತೆಗೆಸಿತು, ಮಿಷಿಗನ್ ಸುಪ್ರೀಂ ಕೋರ್ಟ್ ಹೆಸರು ಉಳಿಸಿತು. ನಾರ್ತ್ ಕೆರೊಲಿನಾದಲ್ಲಿ ಸೆಪ್ಟೆಂಬರ್ 6ರಂದೇ ಹೊರಡಬೇಕಿದ್ದ ಅಂಚೆ ಮತಪತ್ರಗಳನ್ನು ಮತ್ತೆ ಮುದ್ರಿಸಬೇಕಾಯಿತು. ವಕೀಲರ ಶುಲ್ಕ ಭರಿಸಲಾಗದ ಪುಟ್ಟ ಪಟ್ಟಣದ ಅಭ್ಯರ್ಥಿಗೆ ಇದು ದಾರಿಯೇ ಅಲ್ಲ.

ಏನೂ ಆಗದಿದ್ದರೆ ಹೆಸರು ಉಳಿಯುತ್ತದೆ, ಬಿದ್ದ ಮತಗಳ ಎಣಿಕೆಯೂ ನಡೆಯುತ್ತದೆ. ಗೆದ್ದುಬಿಟ್ಟರೆ ಹುದ್ದೆಯನ್ನು ನಿರಾಕರಿಸಬೇಕಾಗುತ್ತದೆ, ಅದರಿಂದ ಮರುಚುನಾವಣೆಯ ಹೊರೆ ಜನರ ಮೇಲೆ ಬೀಳಬಹುದು. ಅಂಥ ಸಾಧ್ಯತೆ ಇದ್ದಲ್ಲಿ ಕಣ ಬಿಟ್ಟ ಸುದ್ದಿಯನ್ನು ಮನೆ ಮನೆಗೆ ಮುಟ್ಟಿಸುವುದು ಅಭ್ಯರ್ಥಿಯ ಹೊಣೆ. ಅಂಚೆಯಲ್ಲಿ ಮತ ಹಾಕುವವರಿಗೆ ಅದು ಮೊದಲು ತಲುಪಬೇಕು, ಏಕೆಂದರೆ ಅವರು ವಾರಗಳ ಮೊದಲೇ ಗುರುತು ಹಾಕಿ ಕಳುಹಿಸಿರುತ್ತಾರೆ.

ಹೆಜ್ಜೆ 8: ಲೆಕ್ಕಪತ್ರ

ಹೆಸರು ಮತಪತ್ರದಿಂದ ಹೋದರೂ ಪ್ರಚಾರ ಸಮಿತಿಯ ಖಾತೆ ತಾನಾಗಿ ಮುಚ್ಚುವುದಿಲ್ಲ. ಕೇಂದ್ರದ ಹುದ್ದೆಯಾದರೆ ಪ್ರೈಮರಿಗೆ ಪಡೆದ ಹಣ ಬೇರೆ, ಸಾರ್ವತ್ರಿಕ ಚುನಾವಣೆಗೆಂದು ಮುಂಗಡವಾಗಿ ಪಡೆದ ಹಣ ಬೇರೆ. ನವೆಂಬರ್ ಕಣದಲ್ಲಿ ನೀವಿಲ್ಲವೆಂದಾದ ಮೇಲೆ ಎರಡನೆಯದನ್ನು 60 ದಿನಗಳೊಳಗೆ ದಾನಿಗಳಿಗೆ ಹಿಂದಿರುಗಿಸಬೇಕು, ಇಲ್ಲವೇ ನಿಯಮದಂತೆ ಅವರ ಲಿಖಿತ ಒಪ್ಪಿಗೆ ಪಡೆದು ಬೇರೆ ಲೆಕ್ಕಕ್ಕೆ ವರ್ಗಾಯಿಸಬೇಕು. ಸಾಲ ತೀರಿ, ಸಮಿತಿಯ ಮುಕ್ತಾಯಕ್ಕೆ ಚುನಾವಣಾ ಆಯೋಗದ ಒಪ್ಪಿಗೆ ಸಿಗುವವರೆಗೂ ನಿಯತ ವರದಿಗಳನ್ನು ಸಲ್ಲಿಸುತ್ತಲೇ ಇರಬೇಕು. ರಾಜ್ಯ ಮತ್ತು ಸ್ಥಳೀಯ ಹುದ್ದೆಗಳಿಗೆ ಅಲ್ಲಿಯದೇ ನಿಯಮಗಳಿವೆ. ಸ್ವೀಕೃತಿ ಮುದ್ರೆಯಿರುವ ಪತ್ರದ ಒಂದು ಪ್ರತಿಯನ್ನು ಸಮಿತಿಯ ಖಜಾಂಚಿಗೆ ಅಂದೇ ಕೊಡಿ, 60 ದಿನಗಳ ಲೆಕ್ಕವನ್ನು ಅವರು ಅದರಲ್ಲಿರುವ ದಿನಾಂಕ ನೋಡಿಯೇ ಹಿಡಿಯಬೇಕು.